ತೊಟ್ಟಿಲು ಕಟ್ಟುವ ತೊಲೆ

ಕಲಬುರಗಿ ನಗರದಲ್ಲಿಯೂ, ಅಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ 40 ಕಿಲೋಮೀಟರಿನೊಳಗೆ ಸಿಗುವ ಕಮಲಾಪುರದಲ್ಲಿಯೂ ಮೊದಲ ಮಗು ಹುಟ್ಟುವ ವರ್ಷವೇ ಹಲವು ಕುಟುಂಬಗಳಿಗೆ ಮನೆ ರಿಪೇರಿಯ ವರ್ಷವೂ ಆಗುತ್ತದೆ. ಇದಕ್ಕೆ ಕಾರಣಗಳು ಅಲ್ಲಿನ ನೆಲದಲ್ಲಿ, ಮಳೆಯಲ್ಲಿ, ಬಾಣಂತನದ ಪದ್ಧತಿಯಲ್ಲಿ ಮತ್ತು ಕೈಗೆ ಹಣ ಬರುವ ಕಾಲದಲ್ಲಿ ಇವೆ. ದೊಡ್ಡವರಷ್ಟೇ ಇದ್ದಾಗ ಸಹಿಸಿಕೊಂಡಿದ್ದ ಸೋರುವ ಮಾಳಿಗೆ, ಬಿರುಕುಬಿಟ್ಟ ಗೋಡೆ, ತೇವ ಹಿಡಿದ ಮೂಲೆ ಇವೆಲ್ಲ ಕೂಸಿನ ಸುದ್ದಿ ತಿಳಿದೊಡನೆ ಸಹಿಸಲಾಗದ ಕೊರತೆಗಳಾಗಿ ಕಾಣತೊಡಗುತ್ತವೆ. ಸೀಮಂತದ ಕುಬಸ, ಹೆರಿಗೆ, ತೊಟ್ಟಿಲ ಕಾರ್ಯ, ಮೊದಲ ಕೂದಲು ತೆಗೆಸುವ ಜವಳ ಎಂದು ಸಾಲಾಗಿ ಬರುವ ಸಂಭ್ರಮಗಳ ನಡುವೆಯೇ ಗೌಂಡಿಯನ್ನು ಕರೆಸಿ ಸಿಮೆಂಟು, ಉಸುಕು, ಖಡಿಗಳ ಲೆಕ್ಕ ಹಾಕಬೇಕಾಗುತ್ತದೆ.

ಈ ಲೆಕ್ಕ ಮೊದಲಿಗೆ ತಪ್ಪುವುದು ಮನೆಯ ಆಯ್ಕೆಯಲ್ಲಿಯೇ. ನೌಕರಿಯ ಕಾರಣಕ್ಕೆ ದಂಪತಿ ನಗರದಲ್ಲಿರುತ್ತಾರೆ, ಹಿರಿಯರ ಮನೆ ಕಮಲಾಪುರದಲ್ಲಿಯೋ ಅದರ ಸುತ್ತಲ ಹಳ್ಳಿಯಲ್ಲಿಯೋ ಇರುತ್ತದೆ, ಚೊಚ್ಚಲ ಬಾಣಂತನವಂತೂ ರೂಢಿಯಂತೆ ತಾಯಿಯ ತವರಿನಲ್ಲಿ ನಡೆಯುತ್ತದೆ. ಹೀಗೆ ಒಂದು ಕೂಸು ತನ್ನ ಮೊದಲ ವರ್ಷವನ್ನು ಎರಡು ಮೂರು ಸೂರುಗಳ ಕೆಳಗೆ ಕಳೆಯುತ್ತದೆ. ತಂದೆಯ ಕಡೆಯವರು ತಮ್ಮ ಮನೆಯ ಮುಂಭಾಗಕ್ಕೆ ಬಣ್ಣ ಬಳಿಸಿ, ಹೊಸ ಬಾಗಿಲು ಹಚ್ಚಿಸಿ, ತೊಟ್ಟಿಲಿಗೆ ಬರುವ ನೆಂಟರಿಗೆ ಅಂದಗಾಣುವಂತೆ ಮಾಡುವಷ್ಟರಲ್ಲಿ, ಕೂಸು ನಿಜವಾಗಿ ಮಲಗುವ ತವರಿನ ಕೋಣೆ ಹಾಗೆಯೇ ಉಳಿಯುವುದುಂಟು. ಖರ್ಚು ಮಾಡಬೇಕಾದ ಮೊದಲ ಜಾಗ ಆ ಕೋಣೆಯೇ. ಅದು ಬೀಗರ ಮನೆಯಾದುದರಿಂದ ಹಣ ಕೊಡುವುದೂ ಪಡೆಯುವುದೂ ಸಂಕೋಚದ ವಿಷಯವಾದರೂ, ಎರಡೂ ಮನೆಯ ಹಿರಿಯರು ಕುಬಸದ ಹೊತ್ತಿಗೇ ಕುಳಿತು ಮಾತಾಡಿಕೊಳ್ಳುವುದು ಒಳ್ಳೆಯದು.

ಮಾಳಿಗೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಈ ಭಾಗದ ಹಳೆಯ ಮನೆಗಳಲ್ಲಿ ಮಾಳಿಗೆಯೆಂದರೆ ಸಮತಟ್ಟಾದ ಮಣ್ಣಿನ ಚಾವಣಿ: ದಪ್ಪ ತೊಲೆಗಳ ಮೇಲೆ ಜಂತಿಗಳು, ಜಂತಿಗಳ ಮೇಲೆ ಕಟ್ಟಿಗೆಯ ಸೀಳು ಅಥವಾ ಪರಸಿ ಕಲ್ಲು, ಅದರ ಮೇಲೆ ಮಣ್ಣಿನ ಹಾಸು. ಜೂನ್ ಮೊದಲ ವಾರದಲ್ಲಿ ಹುಟ್ಟುವ ಮೃಗಶಿರಾ ಮಳೆಗೆ, ಅಂದರೆ ಜನ ಮಿರಗವೆಂದು ಕರೆಯುವ ಮಳೆಗೆ, ಮುಂಚೆ ಪ್ರತಿವರ್ಷ ಹೊಸ ಮಣ್ಣು ಎಳೆದು ಮಾಳಿಗೆಯನ್ನು ಗಟ್ಟಿ ಮಾಡುವುದು ವಾಡಿಕೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಈ ದಪ್ಪ ಮಣ್ಣು ಒಳ್ಳೆಯ ತಡೆ. ನಗರದ ಸಿಮೆಂಟ್ ಸ್ಲ್ಯಾಬಿಗೆ ಈ ಗುಣವಿಲ್ಲ. ಅದು ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಒಳಗೆ ಬಿಡುತ್ತದೆ, ಜೊತೆಗೆ ದಿನದ ಬಿಸಿ ಮತ್ತು ರಾತ್ರಿಯ ತಂಪಿಗೆ ಹಿಗ್ಗಿ ಕುಗ್ಗಿ ಕೂದಲೆಳೆಯಂಥ ಬಿರುಕುಗಳನ್ನು ಪಡೆಯುತ್ತದೆ. ನೀರು ಹರಿದುಹೋಗಲು ಇಳಿಜಾರಿಲ್ಲದ ಸ್ಲ್ಯಾಬಿನ ಮೇಲೆ ಮಳೆನೀರು ನಿಂತು, ಆ ಬಿರುಕುಗಳಲ್ಲಿ ಇಳಿದು, ಒಳಗಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸರಳಿನ ಸುತ್ತಲಿನ ಕಾಂಕ್ರೀಟು ಒಡೆದು ಚಕ್ಕೆಯಾಗಿ ಕೆಳಗೆ ಬೀಳುತ್ತದೆ. ತೊಟ್ಟಿಲನ್ನು ನೇತುಹಾಕುವ ಕೊಂಡಿಯೂ ಇದೇ ಸ್ಲ್ಯಾಬಿನಲ್ಲಿ, ಹಳೆಯ ಮನೆಯಾದರೆ ಗೆದ್ದಲು ತಿಂದಿರಬಹುದಾದ ತೊಲೆಯಲ್ಲಿ ಇರುತ್ತದೆ. ಆದ್ದರಿಂದ ತೊಟ್ಟಿಲ ಕಾರ್ಯಕ್ಕೆ ಮುನ್ನ ಗೌಂಡಿಯೋ ಬಡಿಗನೋ ಅದನ್ನು ಕುಟ್ಟಿ ನೋಡಿ, ದೊಡ್ಡವರ ಭಾರ ಹಾಕಿ ಪರೀಕ್ಷಿಸುವುದು ಅಗತ್ಯ. ಕುಟ್ಟಿದಾಗ ಟೊಳ್ಳು ಸದ್ದು ಬಂದರೆ, ಸರಿಪಡಿಸುವವರೆಗೆ ನೆಲದ ಮೇಲೆ ನಿಲ್ಲುವ ತೊಟ್ಟಿಲೇ ಕ್ಷೇಮ.

ಸ್ಲ್ಯಾಬಿನ ರಿಪೇರಿಗೆ ಒಳಗಿನಿಂದ ಗಿಲಾವು ಮೆತ್ತಿ ಬಣ್ಣ ಹಚ್ಚಿದರೆ ಸಾಲದು, ಏಕೆಂದರೆ ನೀರು ಬರುವುದು ಮೇಲಿನಿಂದ. ಸಡಿಲಾದ ಕಾಂಕ್ರೀಟನ್ನು ತೆಗೆದು, ಸರಳಿನ ತುಕ್ಕನ್ನು ಉಜ್ಜಿ, ಹೊಸ ಗಾರೆಯಿಂದ ಮುಚ್ಚಿದ ಬಳಿಕ ಮೇಲ್ಭಾಗದಲ್ಲಿ ಇಳಿಜಾರು ಕೊಟ್ಟು ನೀರು ತಡೆಯುವ ಪದರ ಹಾಕಬೇಕು. ಹೊಸ ಸಿಮೆಂಟ್ ಕೆಲಸ ಗಟ್ಟಿಯಾಗಲು ಕನಿಷ್ಠ ಒಂದು ವಾರ ನೀರುಣಿಸಬೇಕು, ಕಲಬುರಗಿಯ ಮೇ ತಿಂಗಳಲ್ಲಾದರೆ ಇನ್ನೂ ಹೆಚ್ಚು ದಿನ. ಅದೇ ತಿಂಗಳಲ್ಲಿ ನಗರಕ್ಕೆ ಬೆಣ್ಣೆತೊರಾ ಮತ್ತು ಭೀಮೆಯಿಂದ ಬರುವ ನಲ್ಲಿನೀರು ಬಿಗಿಯಾಗಿರುತ್ತದೆ, ಮಿರಗಕ್ಕೆ ಮೊದಲು ಕೆಲಸ ಮುಗಿಸುವ ಆತುರದಲ್ಲಿ ಎಲ್ಲರೂ ಗೌಂಡಿಗಳನ್ನು ಹುಡುಕುತ್ತಿರುತ್ತಾರೆ. ಹೆರಿಗೆಯ ದಿನ ಮಳೆಗಾಲದಲ್ಲಿದ್ದರೆ ಈ ಕೆಲಸವನ್ನು ಫೆಬ್ರುವರಿ, ಮಾರ್ಚಿನಲ್ಲಿಯೇ ಮುಗಿಸಿದ ಮನೆಗೆ ಹಣವೂ ಉಳಿಯುತ್ತದೆ, ಬಾಣಂತಿಗೆ ನೆಮ್ಮದಿಯೂ ಸಿಗುತ್ತದೆ.

ಗೋಡೆಯ ಬಿರುಕಿನ ಮೂಲ ಕಾಲ ಕೆಳಗಿದೆ. ಕಲಬುರಗಿಯನ್ನು ತೊಗರಿಯ ಕಣಜವಾಗಿಸಿದ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವನ್ನು ಹೇರಳವಾಗಿ ಹೊಂದಿದೆ. ಈ ಖನಿಜದ ಪದರಗಳು ನೀರನ್ನು ಒಳಗೆ ಎಳೆದುಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದಕ್ಕೂ ಮನೆಯ ಗೋಡೆ ಸೀಳುವುದಕ್ಕೂ ಕಾರಣ ಒಂದೇ. ಮನೆಯ ನಡುವಿನ ನೆಲ ವರ್ಷವಿಡೀ ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತದೆ, ಆದರೆ ಹೊರಗೋಡೆಯ ಬುಡದ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಇಳಿಯುತ್ತದೆ. ಬುನಾದಿಯ ಒಂದು ಭಾಗ ಎದ್ದು ಇನ್ನೊಂದು ನಿಂತಲ್ಲೇ ನಿಂತಾಗ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸದಾಗಿ ಕಟ್ಟುವವರಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಕೆಳತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ಬುನಾದಿ ಇದೆ. ಅದು ಮಣ್ಣು ಉಬ್ಬಿ ಕುಗ್ಗುವ ಪದರವನ್ನು ದಾಟಿ ಆಳದಲ್ಲಿ ನೆಲೆ ಹಿಡಿಯುತ್ತದೆ. ಹಳೆಯ ಮನೆಗೆ ಆ ದಾರಿ ಬಲು ದುಬಾರಿ. ಅಲ್ಲಿ ಮಾಡಬಹುದಾದದ್ದು ಗೋಡೆಯ ಬುಡದ ತೇವವನ್ನು ಏರುಪೇರಾಗದಂತೆ ಇಡುವುದು.

ಬಾಣಂತನ ಈ ಬುಡದ ತೇವವನ್ನು ಹೇಗೆ ಬದಲಿಸುತ್ತದೆಂಬುದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಹಾಕುವುದು, ದಿನಕ್ಕೆ ಹಲವು ಬಾರಿ ಕೂಸಿನ ಬಟ್ಟೆ ಒಗೆಯುವುದು, ಬಂದುಹೋಗುವ ನೆಂಟರ ಸ್ನಾನ, ಇವೆಲ್ಲ ಸೇರಿ ಬಚ್ಚಲಿನಿಂದ ಹೊರಬೀಳುವ ನೀರು ತಿಂಗಳುಗಟ್ಟಲೆ ಮೊದಲಿನದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಬಚ್ಚಲ ನೀರು ಗೋಡೆಯ ಪಕ್ಕದ ಕಚ್ಚಾ ಗುಂಡಿಗೆ ಬೀಳುವ ಮನೆಯಲ್ಲಿ ಆ ಒಂದು ಮೂಲೆಯ ಎರೆ ಮಣ್ಣು ಮಾತ್ರ ಉಬ್ಬುತ್ತದೆ. ಬಾಣಂತಿ ಹೊರಟುಹೋದ ಮೇಲೆ ಅದೇ ಮೂಲೆ ಒಣಗಿ ಕುಸಿಯುತ್ತದೆ, ಬಿರುಕು ಆಗ ಹಿಗ್ಗುತ್ತದೆ. ಬಚ್ಚಲಿನಿಂದ ಚರಂಡಿಯವರೆಗೆ ಒಂದು ಒಳ್ಳೆಯ ಪೈಪು, ಮನೆಯ ಸುತ್ತ ಹೊರಮುಖವಾಗಿ ಇಳಿಜಾರಿರುವ ಪರಸಿ ಅಥವಾ ಕಾಂಕ್ರೀಟಿನ ಅಗಲ ಪಟ್ಟಿ, ಇವೆರಡು ಕೆಲಸಗಳಿಗೆ ತಗಲುವ ಹಣ ಗೋಡೆ ಕಿತ್ತು ಕಟ್ಟುವ ಖರ್ಚಿನ ಮುಂದೆ ಅಲ್ಪವೇ. ಬಿರುಕನ್ನು ಮಾತ್ರ ತಕ್ಷಣ ಮುಚ್ಚುವ ಅಗತ್ಯವಿಲ್ಲ. ಅದರ ಎರಡೂ ತುದಿಗೆ ಗುರುತು ಮಾಡಿ ದಿನಾಂಕ ಬರೆದು, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಗಮನಿಸಿದರೆ, ಅದು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ಬೆಳೆಯುವ ಬಿರುಕಿಗೆ ಹಚ್ಚಿದ ಸಿಮೆಂಟು ಮುಂದಿನ ಬೇಸಿಗೆಗೆ ಉದುರುತ್ತದೆ. ಬೆರಳು ತೂರುವಷ್ಟು ಅಗಲವಾಗಿದ್ದರೆ, ಅಥವಾ ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ ಮಾತ್ರ ಕಾಯದೆ ಎಂಜಿನಿಯರನ್ನು ಕರೆಸಬೇಕು.

ಉಬ್ಬಿದ ಕಲ್ಲುಗೋಡೆ ಏನು ಮಾಡಬಲ್ಲದೆಂಬುದನ್ನು ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ತೋರಿಸಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ನಡೆದ ಭೂಕಂಪದ ಪ್ರಮಾಣ ಸುಮಾರು 6.2, ಸತ್ತವರು ಸುಮಾರು 10,000 ಮಂದಿ. ಮಣ್ಣಿನ ಗಾರೆಯಲ್ಲಿ ಎರಡು ಮುಖವಾಗಿ ಕಟ್ಟಿ, ಆ ಎರಡು ಮುಖಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಅಡ್ಡಲಾಗಿ ಇಡದ ದಪ್ಪ ಗೋಡೆಗಳು, ಮತ್ತು ಅವುಗಳ ಮೇಲೆ ವರ್ಷ ವರ್ಷ ಏರುತ್ತ ಹೋದ ಮಣ್ಣಿನ ಭಾರ, ಇವೆರಡೇ ಮುಖ್ಯವಾಗಿ ಜೀವ ತೆಗೆದವು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯದೇ ಆದ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ಭೂಮಿ ಕಂಪಿಸಿದಾಗ ಜನ ಮನೆಯೊಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆದರು. ಕಮಲಾಪುರದ ಸುತ್ತಲ ಹಳೆಯ ಕಲ್ಲುಮನೆಯನ್ನು ಕೂಸಿಗಾಗಿ ಸರಿಪಡಿಸುವವರು, ಸೋರುವ ಮಾಳಿಗೆಯ ಮೇಲೆ ಮತ್ತಷ್ಟು ಮಣ್ಣು ಹೇರುವುದಕ್ಕೆ ಮೊದಲು ಹಳೆಯ ಹೆಚ್ಚುವರಿ ಮಣ್ಣನ್ನು ಇಳಿಸಬೇಕು. ಗೋಡೆಯಲ್ಲಿ ಅಲ್ಲಲ್ಲಿ ರಂಧ್ರ ಕೊರೆದು, ಸರಳು ಮತ್ತು ಕಾಂಕ್ರೀಟು ತುಂಬಿ ಎರಡೂ ಮುಖಗಳನ್ನು ಬೆಸೆಯುವ ವಿಧಾನ ಕಿಲ್ಲಾರಿಯ ನಂತರ ಬಳಕೆಗೆ ಬಂದಿದೆ. ನೆಂಟರಿಷ್ಟರ ಕಣ್ಣಿಗೆ ಬೀಳದ ಕೆಲಸವಿದು, ಆದರೂ ಮುಂಬಾಗಿಲಿನ ಹೊಸ ಕಮಾನಿಗಿಂತ ಮೊದಲು ಆಗಬೇಕಾದದ್ದು.

ಬಾಣಂತಿ ಕೋಣೆಗೆ ಗಾಳಿ ತಾಗಬಾರದೆಂದು ಬೆಳಕಿಂಡಿಯನ್ನು ಬಟ್ಟೆಯಿಂದ ಮುಚ್ಚಿ, ಮಂಚದ ಕೆಳಗೆ ಕೆಂಡವಿಟ್ಟು, ಲೋಬಾನದ ಹೊಗೆ ಹಾಕುವ ರೂಢಿ ಇನ್ನೂ ಇದೆ. ಇದರ ಹಿಂದಿರುವ ಹಿರಿಯರ ಅಕ್ಕರೆ ದೊಡ್ಡದು. ನವಜಾತ ಶಿಶುವಿಗೆ ಬೆಚ್ಚನೆಯ ಆಸರೆ ಬೇಕೆಂಬುದೂ ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಎಂಬ, ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವನ್ನು ಬಿಡುತ್ತದೆ. ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ ಹೊದಿಸಿದರೆ ಬೇಕಾದ ಬಿಸಿ ಅಲ್ಲಿಯೇ ಸಿಗುತ್ತದೆಂದು ವೈದ್ಯರು ಹೇಳುತ್ತಾರೆ. ಕೋಣೆಯ ರಿಪೇರಿಯಲ್ಲಿ ಮಾಡಬೇಕಾದದ್ದು ಬೆಳಕಿಂಡಿಯನ್ನು ತೆರೆದಿಟ್ಟು ಸೊಳ್ಳೆ ಪರದೆ ಹಚ್ಚುವುದು, ಮಂಚವನ್ನು ತೇವದ ಗೋಡೆಯಿಂದ ದೂರ ಸರಿಸುವುದು, ಬೇಸಿಗೆಯ ಕೂಸಾದರೆ ಸ್ಲ್ಯಾಬಿನ ಮೇಲೆ ದಪ್ಪವಾಗಿ ಸುಣ್ಣ ಬಳಿಸಿ ಬಿಸಿಲನ್ನು ಹಿಂದಕ್ಕೆ ತಳ್ಳುವುದು.

ರಿಪೇರಿಯ ದೂಳಿನ ಬಗ್ಗೆಯೂ ಎಚ್ಚರ ಬೇಕು. ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಬಾರಿ ಉಸಿರಾಡುತ್ತದೆ. ಇಷ್ಟು ವೇಗದ ಉಸಿರಿನೊಂದಿಗೆ ದೂಳೂ ಒಳಗೆ ಹೋಗುವುದರಿಂದ ಕಲ್ಲು ಕೊಯ್ಯುವ, ಗೋಡೆ ಕೆರೆಯುವ ಕೆಲಸ ಕೂಸು ಮನೆಗೆ ಬರುವ ಮೊದಲೇ ಮುಗಿಯಬೇಕು, ಇಲ್ಲವೇ ತಾಯಿ ಮಗು ಬೇರೆ ಮನೆಯಲ್ಲಿರುವಾಗ ನಡೆಯಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಾಗಿಲು ಕಿಟಕಿಗಳ ಎಣ್ಣೆಬಣ್ಣದಲ್ಲಿ ಮಗುವಿನ ಮಿದುಳಿಗೆ ಹಾನಿ ಮಾಡುವ ಸೀಸ ಇರಬಹುದಾದ್ದರಿಂದ ಅದನ್ನು ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿ ಕೆರೆದು, ಚೂರುಗಳನ್ನು ಬಳಿದು ತೆಗೆಯಬೇಕು. ಏಳೆಂಟು ತಿಂಗಳಿಗೆ ಕೂಸು ಅಂಬೆಗಾಲಿಡುವಾಗ ಶಹಾಬಾದಿ ಪರಸಿಯ ಸಂದುಗಳು ಸಡಿಲಾಗಿದ್ದರೆ ಅಲ್ಲಿ ಕೂಡುವ ಮಣ್ಣು, ಇರುವೆಗಳೇ ಅದರ ಬಾಯಿಗೆ ಹೋಗುತ್ತವೆ; ಕಲ್ಲು ಗಟ್ಟಿಯಿದ್ದರೆ ಸಂದು ತುಂಬಿಸಿದರೆ ಸಾಕು, ನುಣುಪು ಟೈಲ್ಸಿಗೆ ಬದಲಾಯಿಸುವ ಅಗತ್ಯವಿಲ್ಲ.

ಹಣದ ಮಾತಿಗೆ ಬಂದರೆ, ಹೆರಿಗೆಗೆ ಸಿಗುವ ನೆರವು ಮನೆಗೆ ಸಿಗುವುದಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧ, ಊಟ ಉಚಿತ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ವಸತಿ ಯೋಜನೆಗಳಾದರೋ ಬಹುಪಾಲು ಹೊಸ ಮನೆ ಕಟ್ಟುವವರಿಗಾಗಿ ಇವೆ. ಇದ್ದ ಮನೆಯ ಸೋರುವ ಮಾಳಿಗೆಯನ್ನು, ಹೊಟ್ಟೆಬಿಟ್ಟ ಗೋಡೆಯನ್ನು ಅವು ಬೀಳುವ ಮುನ್ನ ಸರಿಪಡಿಸಲು ಹಣ ಕೊಡುವ ಬಲವಾದ ಯೋಜನೆ ಈ ಭಾಗಕ್ಕೆ ತುರ್ತಾಗಿ ಬೇಕಾಗಿದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿಯೂ ಈ ತಾರತಮ್ಯ ಕಾಣುತ್ತದೆ: ಸ್ವಂತ ವಾಸದ ಮನೆ ಕಟ್ಟಲು ಪಡೆದ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದ್ದರೆ, ರಿಪೇರಿ ಸಾಲದ ಬಡ್ಡಿಗೆ ಮಿತಿ ಕೇವಲ 30,000. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಿಂದ ದೇಶಕ್ಕೆಲ್ಲ ಸಿಮೆಂಟು ಕಳಿಸುವ ಜಿಲ್ಲೆಯ ಜನರೂ ಆ ತೆರಿಗೆಯನ್ನು ಪೂರ್ತಿಯಾಗಿಯೇ ತೆರುತ್ತಿದ್ದರು.

ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಮನೆಗೆ ಬರುವುದು ಡಿಸೆಂಬರ್, ಜನವರಿಗೆ. ಆ ಹಣದ ಮೇಲೆ ನಿಂತ ಕುಟುಂಬ ಮಳೆಗಾಲದಲ್ಲಿ ರಿಪೇರಿಗೆ ಇಳಿದರೆ ಬಂಗಾರ ಒತ್ತೆ ಇಡಬೇಕಾಗುತ್ತದೆ, ಅದೂ ಬಹುಪಾಲು ಬಾಣಂತಿಯದೇ ಬಂಗಾರ. ಫೆಬ್ರುವರಿ, ಮಾರ್ಚಿನಲ್ಲಿ ಕೆಲಸ ಮುಗಿಸಲಾಗದಿದ್ದರೆ, ಮಳೆಗಾಲದಲ್ಲಿ ಹುಟ್ಟಿದ ಕೂಸಿನ ಮನೆಯವರು ಆಗ ತಾಡಪಾಲು ಹೊದಿಸಿ ಮಾಳಿಗೆಯನ್ನು ಕಾಪಾಡಿಕೊಂಡು, ಬಚ್ಚಲ ಪೈಪನ್ನಷ್ಟೇ ಹಾಕಿಸಿ, ಜನವರಿಯಲ್ಲಿ ತೊಗರಿ ಮಾರಿದ ಮೇಲೆ ಸ್ಲ್ಯಾಬಿಗೆ ಕೈಹಚ್ಚುವುದು ಲೇಸು. ಜವಳದ ಊಟವನ್ನು ಆಪ್ತರಿಗಷ್ಟೇ ಇಟ್ಟುಕೊಂಡರೆ, ಆ ಉಳಿತಾಯದಲ್ಲಿ ಮನೆಯ ಸುತ್ತಲಿನ ಪರಸಿ ಪಟ್ಟಿಯ ಕೆಲಸವೂ ಮುಂದಿನ ಮಿರಗದೊಳಗೆ ಮುಗಿಯುತ್ತದೆ.