ಅನ್‌ಟೆಸ್ಟೆಡ್ ಲ್ಯಾಪ್‌ಟಾಪ್‌ಗೆ ಎಷ್ಟರವರೆಗೆ ಬಿಡ್ ಮಾಡಬಹುದು?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯವರ ಮುಂದೆಯೇ ಆನ್ ಮಾಡಿಸಿ, ಸ್ಕ್ರೀನ್ ನೋಡಿ, ಆಮೇಲೆ ಚೌಕಾಸಿಗೆ ಇಳಿಯುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ಸಿಗುವುದು ನಾಲ್ಕು ಫೋಟೊ ಮತ್ತು ಒಂದು ಪದ: 'ಅನ್‌ಟೆಸ್ಟೆಡ್'.

ಇಲ್ಲಿ ಸ್ಟ್ಯಾನ್ಮೋರ್‌ನಲ್ಲಿ ನಮ್ಮ ಪರಿಚಯದ ಕುಟುಂಬವೊಂದು ಇಂಥ ಹತ್ತು ಲ್ಯಾಪ್‌ಟಾಪ್‌ಗಳ ಲಾಟ್ ಕೊಂಡು, ರಿಪೇರಿ ಮಾಡಿ ಮಾರುವ ಯೋಚನೆಯಲ್ಲಿದೆ. ಮನೆಯಲ್ಲಿ ಒಬ್ಬರ ಕೆಲಸ ಹೋಗಿದೆ. ಹಾಕುವುದು ಉಳಿತಾಯದ ಹಣ. "ಎಷ್ಟರವರೆಗೆ ಹೋಗಬಹುದು, ಒಂದು ಲೆಕ್ಕ ಹಾಕಿಕೊಡಿ" ಎಂದರು. ಇದು ಆ ಲೆಕ್ಕ.

ಮೊದಲು ಆ ಪದದ ಅರ್ಥ. ಚಾರ್ಜರ್ ಚುಚ್ಚಿ ನೋಡಲು ಎರಡು ನಿಮಿಷ ಸಾಕು. ಆದರೂ ನೋಡಿಲ್ಲವೆಂದರೆ, ಮಾರುವವರು ರಾಶಿಗಟ್ಟಲೆ ಮಾಲು ಸಾಗಿಸುವವರಾಗಿರಬಹುದು. ಇಲ್ಲವೇ ನೋಡಿ, ಆನ್ ಆಗದೆ, ಸುಮ್ಮನಿರಬಹುದು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಸಂತೆಗೆ ಕೆಟ್ಟ ಮಾಲೇ ಹೆಚ್ಚು ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ಬರೆದರು. 2001ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ಹತ್ತರಲ್ಲಿ ನಾಲ್ಕು ಕೆಲಸ ಮಾಡುತ್ತವೆ ಎಂದುಕೊಳ್ಳೋಣ. ತಲಾ 110 ಪೌಂಡ್‌ನಂತೆ 440. ಉಳಿದ ಆರು ಬಿಡಿಭಾಗಕ್ಕೆ, ತಲಾ 15ರಂತೆ 90. ಒಟ್ಟು 530. ಸಾಗಣೆಗೆ 30, ಚಾರ್ಜರ್ ಮತ್ತಿತರ ಖರ್ಚಿಗೆ 60, ನಿಮ್ಮ ದುಡಿಮೆ ಮತ್ತು ರಿಸ್ಕಿಗೆ 90 ಕಳೆಯಿರಿ. ಉಳಿಯುವುದು 350. ಹರಾಜು ಸಂಸ್ಥೆ 25% ಬೈಯರ್ಸ್ ಪ್ರೀಮಿಯಂ ಹಾಕಿ, ಅದರ ಮೇಲೆ 20% ವ್ಯಾಟ್ ಸೇರಿಸಿದರೆ ಬಿಡ್ಡಿನ ಮೇಲೆ 30% ಹೆಚ್ಚು. 350ನ್ನು 1.3ರಿಂದ ಭಾಗಿಸಿದರೆ 269. ಅದೇ ಗರಿಷ್ಠ ಬಿಡ್. 400ಕ್ಕೆ ಕೊಂಡರೆ ದುಡಿಮೆಗೆ ಏನೂ ಇಟ್ಟುಕೊಳ್ಳದಿದ್ದರೂ 80 ಪೌಂಡ್ ನಷ್ಟ.

ಕಂಪನಿಗಳಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಪಾಸ್‌ವರ್ಡ್ ಅಥವಾ ಕಂಪನಿಯ ಲಾಕ್ ಉಳಿದಿರಬಹುದು. ಅಂಥದ್ದು ಆನ್ ಆದರೂ ಬಿಡಿಭಾಗದ ಲೆಕ್ಕಕ್ಕೇ ಸೇರಿಸಿ.

ಕಾನೂನು ಕಾಪಾಡುವುದಿಲ್ಲವೇ? ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆಂದು ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕೊಂಡರೆ, 2013ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ 14 ದಿನಗಳಲ್ಲಿ ಖರೀದಿ ರದ್ದು ಮಾಡಬಹುದು. ಜನ ಖುದ್ದಾಗಿ ಹೋಗಬಹುದಾದ ಹರಾಜಿಗೆ ಇದು ಅನ್ವಯಿಸದು. ಖಾಸಗಿ ಮಾರಾಟಗಾರರಿಗೂ ಇಲ್ಲ. ಮುಖ್ಯವಾಗಿ, ಮರುಮಾರಾಟಕ್ಕೆ ಕೊಳ್ಳುವವರು ಕಾನೂನಿನ ಕಣ್ಣಲ್ಲಿ ಗ್ರಾಹಕರೇ ಅಲ್ಲ. ಮಾರಿ ಗಳಿಸಲು ಹೊರಟ ಕ್ಷಣವೇ ಆ ರಕ್ಷಣೆ ಹೋಗುತ್ತದೆ.

ತೆರಿಗೆಯ ಮಾತು: ವರ್ಷಕ್ಕೆ 1,000 ಪೌಂಡ್‌ವರೆಗಿನ ಟ್ರೇಡಿಂಗ್ ಅಲೋಯನ್ಸ್ ಇದೆ. ಆ ಮಿತಿ ಮಾರಾಟದ ಒಟ್ಟು ಮೊತ್ತಕ್ಕೆ, ಲಾಭಕ್ಕಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರು ಇಂಥ ವ್ಯಾಪಾರಕ್ಕೆ ಕೈಹಾಕುವ ಮುನ್ನ ವೀಸಾ ಷರತ್ತು ಓದಲೇಬೇಕು.

ಬಿಡ್ ಮಾಡುವ ಮುನ್ನ ನಾಲ್ಕರ ಬದಲು ಎರಡೇ ಕೆಲಸ ಮಾಡಿದರೆ ಏನಾಗುತ್ತದೆ ಎಂದು ಇನ್ನೊಮ್ಮೆ ಲೆಕ್ಕ ಹಾಕಿ. ಆ ನಷ್ಟ ಮನೆಬಾಡಿಗೆಗೆ ತಟ್ಟುವಂತಿದ್ದರೆ ಈ ಲಾಟ್ ನಿಮ್ಮದಲ್ಲ. ತಟ್ಟದಿದ್ದರೆ ಗರಿಷ್ಠ ಮೊತ್ತವನ್ನು ಒಂದೇ ಸಲ ನಮೂದಿಸಿ, ಹರಾಜು ಮುಗಿಯುವವರೆಗೆ ಆ ಪುಟ ತೆರೆಯಬೇಡಿ.