ಬಿಲ್ಲಿಯನ್ನು ಕೊಂದ ರಿವಾಲ್ವರಿಗೆ ಪಾಲಿಶ್ ಬೇಡ!

ಢಂ! ಕತ್ತಲ ಕೋಣೆಯಲ್ಲಿ ಗುಂಡು ಹಾರಿತು. ಪುಂಡರ ಪುಂಡ ಬಿಲ್ಲಿ ದಿ ಕಿಡ್ ಖಲಾಸ್!

ಇದು ಸಿನಿಮಾ ಅಲ್ಲ ಸ್ವಾಮಿ, ನಡೆದ ಸಂಗತಿ. 1881ರ ಜುಲೈ 14ರ ರಾತ್ರಿ, ಅಮೆರಿಕದ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ನಲ್ಲಿ. ಗುಂಡು ಹಾರಿಸಿದವನು ಶೆರೀಫ್ ಪ್ಯಾಟ್ ಗ್ಯಾರೆಟ್. 1973ರಲ್ಲಿ ಸ್ಯಾಮ್ ಪೆಕಿನ್‌ಪಾ ಇದೇ ಕಥೆಯನ್ನು ತೆರೆಗೆ ತಂದಾಗ ಜೇಮ್ಸ್ ಕೋಬರ್ನ್ ಗ್ಯಾರೆಟ್ ಆದ, ಕ್ರಿಸ್ ಕ್ರಿಸ್ಟಾಫರ್ಸನ್ ಬಿಲ್ಲಿ ಆದ.

ಆ ರಾತ್ರಿಯ ಅಸಲಿ ಕೋಲ್ಟ್ ರಿವಾಲ್ವರ್ 2021ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹರಾಜಿಗೆ ಬಂತು. 20-30 ಲಕ್ಷ ಡಾಲರ್ ಬರಬಹುದು ಎಂದಿದ್ದರು. ಬಂದದ್ದೆಷ್ಟು ಗೊತ್ತೇ? 60 ಲಕ್ಷಕ್ಕೂ ಹೆಚ್ಚು! ಹೊಸ ಕೋಲ್ಟಿನ ಥಳಕು ಅದರಲ್ಲಿ ಇಲ್ಲವೇ ಇಲ್ಲ. 'ಇಷ್ಟು ದುಡ್ಡು ಸುರಿದವರು ಒಂದಿಷ್ಟು ಪಾಲಿಶ್ ಮಾಡಿಸಬಾರದೇ?' ಅಂತೀರಾ? ಅಯ್ಯೋ, ಹಾಗೆ ಮಾಡಿದ್ದರೆ ಆ ಬೆಲೆ ಬರುತ್ತಿರಲಿಲ್ಲ!

ನೀಲಿ ಬಣ್ಣದ ಗುಟ್ಟು

1873ರಿಂದ ತಯಾರಾದ ಈ ಕೋಲ್ಟಿನ ನಳಿಗೆಯ ಕಡುನೀಲಿ ಮೇಲೆ ಬಳಿದ ಬಣ್ಣವಲ್ಲ. ಉಕ್ಕನ್ನು ನುಣ್ಣಗೆ ಉಜ್ಜಿ, ಇದ್ದಿಲಿನ ಕುಲುಮೆಯಲ್ಲಿ ಕಾಯಿಸಿದಾಗ ಮೈಮೇಲೆ ಕಟ್ಟುವ ತೆಳು ಪೊರೆ ಅದು. ನಡುಭಾಗದ ಚೌಕಟ್ಟನ್ನು ಮೂಳೆಯ ಇದ್ದಿಲಿನಲ್ಲಿ ಹುದುಗಿಸಿ, ಕೆಂಪಗೆ ಕಾಯಿಸಿ, ತಣ್ಣೀರಿಗೆ ಅದ್ದುತ್ತಿದ್ದರು. ನೀಲಿ, ಕಂದು, ಬೂದು ಬಣ್ಣಗಳು ಮೋಡದ ಹಾಗೆ ಹರಡುತ್ತಿದ್ದವು!

ಇಂಥದಕ್ಕೆ ಅರೆಬರೆ ಕಲಿತವನು ಪಾಲಿಶ್ ಚಕ್ರ ಹಿಡಿದರೆ ಮುಗಿಯಿತು ಕಥೆ. ಚೂಪು ಅಂಚುಗಳು ಮೊಂಡಾಗುತ್ತವೆ, ಸ್ಕ್ರೂ ತೂತುಗಳು ತಟ್ಟೆಯಂತೆ ಅಗಲವಾಗುತ್ತವೆ, ಕೆತ್ತಿದ ಅಕ್ಷರ ಮಾಸುತ್ತದೆ. ಗ್ಯಾರೆಟನ ರಿವಾಲ್ವರಿನ ನಂಬರು 55093. ಅದು ಅಳಿಸಿಹೋದರೆ 'ಇದೇ ಆ ರಿವಾಲ್ವರ್' ಎಂದು ಹೇಳಲು ಸಾಕ್ಷಿ ಯಾರು?

ಮರದ ಹಿಡಿಯ ಪಾಡೂ ಅಷ್ಟೇ. ಮರಳು ಕಾಗದದಿಂದ ಉಜ್ಜಿದರೆ ಹಿಡಿ ಸವೆದು, ಸುತ್ತಲಿನ ಲೋಹಕ್ಕಿಂತ ತಗ್ಗಾಗುತ್ತದೆ. ನೂರು ವರ್ಷ ಕೈ ಆಡಿ ಬಂದ ಹೊಳಪು ಒಂದು ಗಂಟೆಯಲ್ಲಿ ಮಾಯ!

ಹಾಗಾದರೆ ರಿಪೇರಿಯೇ ಬೇಡವೇ?

ಬೇಕು, ಎಲ್ಲಕ್ಕೂ ಅಲ್ಲ. ಇತಿಹಾಸವಿಲ್ಲದ, ತುಕ್ಕು ತಿಂದು ಹಾಳಾದ ರಿವಾಲ್ವರಿಗೆ ನುರಿತ ಕುಶಲಕರ್ಮಿ ಮರುಜನ್ಮ ಕೊಡಬಲ್ಲ. ಅವನು ಚಕ್ರದ ಬದಲು ಚಪ್ಪಟೆ ಕಟ್ಟಿಗೆಗೆ ಉಜ್ಜುಕಾಗದ ಸುತ್ತಿ ಕೈಯಿಂದಲೇ ಉಜ್ಜುತ್ತಾನೆ, ಅಂಚು ಉಳಿಯಲಿ ಅಂತ. ಹಿಡಿಯಲ್ಲಿ ತಗ್ಗು ಬಿದ್ದಿದ್ದರೆ ಒದ್ದೆ ಬಟ್ಟೆಯಿಟ್ಟು ಬಿಸಿ ಇಸ್ತ್ರಿ ಒತ್ತುತ್ತಾನೆ. ಆವಿಗೆ ಮರ ಉಬ್ಬಿ ತಗ್ಗು ತುಂಬುತ್ತದೆ. ಆಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಒಣಗಿಸಿ, ಮತ್ತೆ ಸವರುತ್ತಾನೆ. ದಿನಗಟ್ಟಲೆ ಕೆಲಸ.

ಆದರೆ ಇತಿಹಾಸ ಹೊತ್ತ ರಿವಾಲ್ವರಿಗೆ ಮೆತ್ತನೆ ಬಟ್ಟೆ, ಲೋಹಕ್ಕೆ ಒಂದು ತೊಟ್ಟು ಎಣ್ಣೆ ಅಷ್ಟೇ ಸಾಕು. ಮೇಕಪ್ಪು ತೆರೆಯ ಮೇಲಿನ ಹೀರೋಗೆ ಇರಲಿ. ಗ್ಯಾರೆಟನ ರಿವಾಲ್ವರಿಗೆ ಸವೆತವೇ ಸಿಂಗಾರ!