ತೋಟದ ಬೆಟ್ಟದಿಂದ ಹ್ಯಾಂಗ್ ಗ್ಲೈಡಿಂಗ್: ಅನುಮತಿಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ತೋಟದ ನೆತ್ತಿಯ ಮೇಲಿನ ಬೋಳುಗುಡ್ಡವನ್ನು ಹ್ಯಾಂಗ್ ಗ್ಲೈಡಿಂಗ್ ಆಟಕ್ಕೆ ಕೊಡಬಹುದೇ, ಕೊಟ್ಟರೆ ಬಾಧಕವೇನು ಎಂದು ಸದಸ್ಯರೊಬ್ಬರು ಸಂಘದ ಕಛೇರಿಗೆ ಬಂದು ವಿಚಾರಿಸಿದ್ದಾರೆ. ದಿನಕ್ಕಿಷ್ಟೆಂದು ಹಣ ಕೊಡುತ್ತೇವೆ, ಮೇಲೆ ಒಂದು ಸಿಮೆಂಟು ಕಟ್ಟೆಯನ್ನು ನಾವೇ ಕಟ್ಟಿಕೊಳ್ಳುತ್ತೇವೆ ಎಂದು ಹೊರಗಿನವರು ಅವರನ್ನು ಕೇಳಿದ್ದಾರೆ. ಕಾಫಿ, ಅಡಿಕೆ ಧಾರಣೆಯ ಏರಿಳಿತ, ಆಳುಗಳ ಅಭಾವ, ಆನೆಯ ಕಾಟ ಇವುಗಳ ನಡುವೆ ಗಿಡ ಹಿಡಿಯದ ಬಂಡೆನೆಲವೂ ನಾಲ್ಕು ಕಾಸು ತಂದರೆ ಯಾರು ತಾನೇ ಬೇಡವೆಂದಾರು? ಈ ಪ್ರಶ್ನೆ ನಾಳೆ ಬೇರೆ ಸದಸ್ಯರಿಗೂ ಬರಬಹುದಾದ್ದರಿಂದ ಉತ್ತರವನ್ನು ಇಲ್ಲಿ ಕೊಡಲಾಗಿದೆ. ಮುಖ್ಯ ಮಾತನ್ನು ಮೊದಲೇ ಹೇಳುವುದಾದರೆ, ಬೆಟ್ಟದ ನೆತ್ತಿ ನಮ್ಮದಾದ ಮಾತ್ರಕ್ಕೆ ಹಾರಾಟ ನಮ್ಮ ಜಮೀನಿನೊಳಗೇ ಮುಗಿಯುವುದಿಲ್ಲ. ಹಾರುವ ನೆಲಕ್ಕಿಂತ ಇಳಿಯುವ ನೆಲವೇ ಇಲ್ಲಿ ಮುಖ್ಯ.

ಹ್ಯಾಂಗ್ ಗ್ಲೈಡರ್ ಎಂದರೇನು?

ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿಗೆ ಗಟ್ಟಿ ಬಟ್ಟೆ ಬಿಗಿದು ಮಾಡಿದ ತ್ರಿಕೋನಾಕಾರದ ರೆಕ್ಕೆಯಿದು. ತೂಕ ಸಾಧಾರಣವಾಗಿ 20ರಿಂದ 35 ಕಿಲೋ. ಇದಕ್ಕೆ ಯಂತ್ರವಿಲ್ಲ. ಹಾರುವವನು ರೆಕ್ಕೆಯ ಕೆಳಗೆ ಪಟ್ಟಿಗಳಲ್ಲಿ ತೂಗಿಕೊಂಡು, ಎದುರಿನ ಕಂಬಿ ಹಿಡಿದು, ಮೈಭಾರವನ್ನು ಅತ್ತಿತ್ತ ಸರಿಸಿ ದಿಕ್ಕು ಬದಲಿಸುತ್ತಾನೆ. ಚೌಕಟ್ಟಿಲ್ಲದೆ ಬರೀ ಬಟ್ಟೆ ಮತ್ತು ದಾರಗಳಿಂದಾದ ಪ್ಯಾರಾಗ್ಲೈಡರ್ ಇದರ ತಮ್ಮನಿದ್ದಂತೆ. ಜಮೀನಿನ ಮಾಲೀಕನ ಪಾಲಿಗೆ ಎರಡರ ವಿಚಾರವೂ ಒಂದೇ.

ಜರ್ಮನಿಯ ಆಟೋ ಲಿಲಿಯೆಂತಾಲ್ ಇಂತಹ ಹಾರಾಟದ ಮೂಲಪುರುಷ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೆ ಎದುರಾಗಿ ಓಡಲು ಅನುಕೂಲವಾಗಲೆಂದು ಈತ 1894ರಲ್ಲಿ ಬರ್ಲಿನ್ ಬಳಿ ಸುಮಾರು 15 ಮೀಟರ್ ಎತ್ತರದ ದುಂಡನೆಯ ಮಣ್ಣಿನ ಗುಡ್ಡವನ್ನೇ ಕಟ್ಟಿಸಿದ. ಎರಡು ವರ್ಷಗಳ ತರುವಾಯ, 1896ರ ಆಗಸ್ಟ್‌ನಲ್ಲಿ, ಬೇರೊಂದು ಗುಡ್ಡದಿಂದ ಹಾರುವಾಗ ಬಿದ್ದು ಮರಣ ಹೊಂದಿದ. ಅಮೆರಿಕದ ಫ್ರಾನ್ಸಿಸ್ ರೊಗಾಲೊ ದಂಪತಿಗಳು 1948ರಲ್ಲಿ ಮಡಿಚುವ ರೆಕ್ಕೆಯನ್ನು ರೂಪಿಸಿದರು. ಆಸ್ಟ್ರೇಲಿಯಾದ ಗ್ರಾಫ್ಟನ್ ಎಂಬಲ್ಲಿ ಜಾನ್ ಡಿಕೆನ್ಸನ್ 1963ರಲ್ಲಿ ಅದಕ್ಕೆ ಹಿಡಿಕಂಬಿಯನ್ನೂ ತೂಗುಪಟ್ಟಿಯನ್ನೂ ಜೋಡಿಸಿ ಈಗಿನ ರೂಪ ಕೊಟ್ಟರು. ಅವರ ಮೊದಲ ರೆಕ್ಕೆಗೆ ಬಳಸಿದ್ದು ಬಾಳೆಗೊನೆ ಮುಚ್ಚುವ ಪ್ಲಾಸ್ಟಿಕ್ ಹಾಳೆ ಎಂಬುದು ಬಾಳೆ ಬೆಳೆಯುವ ನಮಗೆ ಸ್ವಾರಸ್ಯವೆನಿಸೀತು.

ನಮಗೆ ಹತ್ತಿರದ ಹೆಸರಾದ ಸ್ಥಳ ನೀಲಗಿರಿಯ ಕಲ್ಹಟ್ಟಿ. ಉದಕಮಂಡಲದಿಂದ ಸುಮಾರು 20 ಕಿ.ಮೀ. ದೂರದ ಈ ಇಳಿಜಾರು ಮಸಿನಗುಡಿಯ ಬಯಲಿಗೂ ಮುದುಮಲೆ ಕಾಡಿಗೂ ಎದುರಾಗಿದೆ. ಮೇಲೆ ತೋಟ, ಕೆಳಗೆ ಕಾಡು ಎಂಬ ನಮ್ಮ ಸೀಮೆಯ ಸ್ಥಿತಿಯೇ ಅಲ್ಲಿಯೂ ಇರುವುದನ್ನು ಗಮನಿಸಬೇಕು.

ಗಾಳಿಯ ಲೆಕ್ಕ

ಗಾಳಿಯಿಲ್ಲದ ಹೊತ್ತಿನಲ್ಲಿ ಕಲಿಯುವವರ ಗ್ಲೈಡರು ನೂರು ಅಡಿ ಇಳಿಯುವಷ್ಟರಲ್ಲಿ ಸುಮಾರು ಎಂಟುನೂರು ಅಡಿ ಮುಂದೆ ಸಾಗುತ್ತದೆ. ಅಂದರೆ ಸಾವಿರ ಅಡಿ ಎತ್ತರದ ಗುಡ್ಡದಿಂದ ಎಂಟು ಸಾವಿರ ಅಡಿ. ಆದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹಾರುವ ರೆಕ್ಕೆಗೆ 20 ಕಿ.ಮೀ. ವೇಗದ ಗಾಳಿ ಎದುರಾದರೆ ನೆಲದ ಮೇಲಿನ ದೂರ ಅರ್ಧಕ್ಕೆ ಇಳಿದು ನಾಲ್ಕು ಸಾವಿರ ಅಡಿಯಷ್ಟೇ ಉಳಿಯುತ್ತದೆ. ಅಷ್ಟರೊಳಗೆ ಇಳಿಯುವ ಬಯಲು ಸಿಕ್ಕದಿದ್ದರೆ ಹಾರಿದವನು ಸಿಲ್ವರ್ ಓಕ್ ಮರದ ಮೇಲೋ ಅಡಿಕೆ ಸಾಲಿನ ಮೇಲೋ ಇಳಿಯಬೇಕಾಗುತ್ತದೆ.

ಹಾರುವವರು ಯಾವಾಗಲೂ ಗಾಳಿಗೆ ಎದುರಾಗಿ ಓಡಿ ನೆಲ ಬಿಡುತ್ತಾರೆ. ಇಳಿಜಾರಿಗೆ ಬಡಿದ ಗಾಳಿ ಮೇಲಕ್ಕೇರುವಾಗ ರೆಕ್ಕೆಯನ್ನೂ ಎತ್ತುತ್ತದೆ. ಬಿಸಿಲಿಗೆ ಬಂಡೆ ಕಾದು ಬಿಸಿಗಾಳಿ ಏಳುವ ಕಡೆಯೂ ಹೀಗೆಯೇ. ಹದ್ದುಗಳು ರೆಕ್ಕೆ ಬಡಿಯದೆ ಗಿರಕಿ ಹೊಡೆಯುವುದು ಇಂತಹ ಜಾಗದಲ್ಲೇ. ಗುಡ್ಡದ ಹಿಂಬದಿಯ ಮಾತು ಬೇರೆ. ಅಲ್ಲಿ ಗಾಳಿ ಸುಳಿಸುಳಿಯಾಗಿ ಕೆಳಗೆ ಬೀಳುತ್ತದೆ. ಅದರಲ್ಲಿ ಸಿಕ್ಕ ರೆಕ್ಕೆ ಹಿಡಿತ ತಪ್ಪುತ್ತದೆ. ಮುಂಗಾರಿನ ಗಾಳಿ ಬಿಳಿಗಿರಿರಂಗನ ಬೆಟ್ಟವನ್ನು ಯಳಂದೂರು, ಚಾಮರಾಜನಗರದ ಮಗ್ಗುಲಿನಿಂದ ಹತ್ತಿ ನಮ್ಮ ಮಗ್ಗುಲಿಗೆ ಇಳಿಯುತ್ತದೆ. ಆದಕಾರಣ ಆ ತಿಂಗಳುಗಳಲ್ಲಿ ಪೂರ್ವಕ್ಕೆ ಮುಖ ಮಾಡಿದ ಇಳಿಜಾರುಗಳು ಮರೆಯ ಇಳಿಜಾರುಗಳು, ಹಾರಲು ಯೋಗ್ಯವಲ್ಲ. ಲಿಲಿಯೆಂತಾಲನ ಗುಡ್ಡಕ್ಕೆ ಎಲ್ಲ ದಿಕ್ಕೂ ಮುಖವಾಗಿತ್ತು, ನಮ್ಮ ಗುಡ್ಡಗಳಿಗೆ ಒಂದೇ ಮುಖ. ನೋಡಲು ಚೆಂದವಿರುವ ನೆತ್ತಿಗಳೆಲ್ಲ ಹಾರಲು ತಕ್ಕ ನೆತ್ತಿಗಳಲ್ಲ.

ಇಳಿಯುವ ನೆಲ ಯಾರದು?

ನಮ್ಮಲ್ಲಿ ಹಿಡುವಳಿಗಳು ಸಣ್ಣವು. ಮೇಲಿನ ಗುಡ್ಡ ಒಬ್ಬರದಾದರೆ ಕೆಳಗಿನ ರಾಗಿ ಹೊಲ ಇನ್ನೊಬ್ಬರದು, ಪಕ್ಕದ ಹಿಪ್ಪುನೇರಳೆ ಮತ್ತೊಬ್ಬರದು. ಹಣ ಮೇಲಿನವನಿಗೆ, ತುಳಿತ ಕೆಳಗಿನವನಿಗೆ ಎಂದಾದರೆ ನೆರೆಹೊರೆಯಲ್ಲಿ ಮನಸ್ತಾಪ ತಪ್ಪದು. ಅಮೆರಿಕದ ಜಾರ್ಜಿಯಾ ರಾಜ್ಯದ ಲುಕ್‌ಔಟ್ ಮೌಂಟನ್ ಎಂಬಲ್ಲಿ ಖಾಸಗಿ ಹಾರಾಟ ಕೇಂದ್ರವೊಂದು ಹಲವು ದಶಕಗಳಿಂದ ನಡೆದು ಬಂದಿದೆ. ಬೆಟ್ಟದ ಅಂಚಿನ ಹಾರುಕಟ್ಟೆಯ ಜೊತೆಗೆ ಕೆಳಗಿನ ಇಳಿಯುವ ಬಯಲೂ ಅದೇ ಕೇಂದ್ರದ ವಶದಲ್ಲಿದೆ. ಆ ದೇಶದ ಬಹುತೇಕ ರಾಜ್ಯಗಳಲ್ಲಿ, ಹಣ ಪಡೆಯದೆ ವಿಹಾರಕ್ಕಾಗಿ ಜಮೀನು ಬಿಟ್ಟುಕೊಟ್ಟ ಮಾಲೀಕನಿಗೆ ಅಪಘಾತದ ಹೊಣೆಯಿಂದ ರಕ್ಷಣೆ ಕೊಡುವ ಕಾಯಿದೆಗಳಿವೆ. ಹಣ ಪಡೆದರೆ ಸಾಮಾನ್ಯವಾಗಿ ಆ ರಕ್ಷಣೆ ಹೋಗುತ್ತದೆ. ನಮಗೆ ಅಂತಹ ಪ್ರತ್ಯೇಕ ಕಾಯಿದೆಯ ಆಸರೆ ಇಲ್ಲವಾದ್ದರಿಂದ ಪತ್ರವೇ ನಮ್ಮ ಬೇಲಿ.

ಕಾಯಿದೆ ಏನನ್ನುತ್ತದೆ?

ಇಲ್ಲಿ ನೆನಪಿಡಬೇಕಾದ್ದು 1882ರ ಈಸ್‌ಮೆಂಟ್ ಕಾಯಿದೆ. ಹಳೆಯ ಮದರಾಸು ಪ್ರಾಂತಕ್ಕೆ ಮೊದಲಿನಿಂದಲೂ ಅನ್ವಯಿಸಿದ ಕಾಯಿದೆಯಿದು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಆ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅದರ 52ನೆಯ ಕಲಮಿನ ಪ್ರಕಾರ ಪರವಾನಗಿಯೆಂದರೆ ಬರೀ ಒಪ್ಪಿಗೆ. ಗುತ್ತಿಗೆಯಂತೆ ಅದು ಜಮೀನಿನಲ್ಲಿ ಹಕ್ಕನ್ನು ಹುಟ್ಟಿಸುವುದಿಲ್ಲ. ಕೊಟ್ಟವನು ಹಿಂದಕ್ಕೆ ಪಡೆಯಬಹುದು. ಆದರೆ 60ನೆಯ ಕಲಮಿನಲ್ಲಿ ಒಂದು ಕೊಕ್ಕೆ ಇದೆ. ಪರವಾನಗಿ ಪಡೆದವನು ಅದನ್ನು ನಂಬಿ ಖರ್ಚು ಮಾಡಿ ಶಾಶ್ವತ ಸ್ವರೂಪದ ಕಾಮಗಾರಿ ಮಾಡಿದರೆ ಪರವಾನಗಿಯನ್ನು ರದ್ದುಗೊಳಿಸಲಾಗದು. ಸಿಮೆಂಟು ಕಟ್ಟೆ ನಾವೇ ಕಟ್ಟಿಕೊಳ್ಳುತ್ತೇವೆ ಎಂಬ ಮಾತು ಔದಾರ್ಯದಂತೆ ಕಂಡರೂ ಅದರ ಫಲ ಇದು.

57ನೆಯ ಕಲಮಿನಂತೆ, ನಮಗೆ ಗೊತ್ತಿದ್ದು ಬಂದವನಿಗೆ ಗೊತ್ತಿಲ್ಲದ ಅಪಾಯಕಾರಿ ದೋಷಗಳನ್ನು ತಿಳಿಸುವುದು ನಮ್ಮ ಕರ್ತವ್ಯ. ವಿದ್ಯುತ್ ತಂತಿ, ಸೋಲಾರ್ ಬೇಲಿ, ತೆರೆದ ಬಾವಿ, ಬಂಡೆಯ ಮರೆಯ ಹೆಜ್ಜೇನು ಇವೆಲ್ಲವನ್ನೂ ಬರೆದು ತಿಳಿಸಿ ರುಜು ಪಡೆಯುವುದು ಕ್ಷೇಮ. ಇನ್ನು 15ನೆಯ ಕಲಮಿನಂತೆ, 20 ವರ್ಷ ಎಡೆಬಿಡದೆ ಹಕ್ಕೆಂಬಂತೆ ಬಳಸಿದ ದಾರಿ ಹಕ್ಕಿನ ದಾರಿಯೇ ಆಗುತ್ತದೆ. ನೆತ್ತಿಗೆ ಹೋಗುವ ದಾರಿಯನ್ನು ಒಪ್ಪಿಗೆಯ ಮೇರೆಗೆ ಮಾತ್ರ ಬಿಟ್ಟಿದೆ ಎಂಬ ಒಂದು ಸಾಲು ಪತ್ರದಲ್ಲಿದ್ದರೆ ಮಕ್ಕಳ ಕಾಲಕ್ಕೆ ಉಪಕಾರ. ಕಾಯಂ ವ್ಯಾಪಾರಕ್ಕೆ ನೆಲವನ್ನು ತಿರುಗಿಸುವುದಾದರೆ ಕರ್ನಾಟಕ ಭೂಕಂದಾಯ ಕಾಯಿದೆ, 1964ರ 95ನೆಯ ಕಲಮಿನ ಭೂಪರಿವರ್ತನೆಯ ವಿಚಾರವೂ ಏಳುತ್ತದೆ.

ಆಕಾಶಕ್ಕೂ ಕಟ್ಟಳೆಯುಂಟು. ಕೇಂದ್ರ ಸರ್ಕಾರದ 2022ರ ರಾಷ್ಟ್ರೀಯ ವೈಮಾನಿಕ ಕ್ರೀಡಾ ನೀತಿಯಲ್ಲಿ ಹ್ಯಾಂಗ್ ಗ್ಲೈಡಿಂಗ್ ಸೇರಿದೆ. ಹಾರಾಟಗಾರರ ಹಾಗೂ ಉಪಕರಣಗಳ ನೋಂದಣಿಯನ್ನು ಅದು ಹೇಳುತ್ತದೆ. ಬಂದವರನ್ನು ಮೊದಲು ಕೇಳಬೇಕಾದ ಕಾಗದ ಇದೇ.

ಕಾಡಿನ ವಿಚಾರ

ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ವಾಹನವೆಂದರೆ ನೆಲ, ನೀರು ಮತ್ತು ಗಾಳಿಯಲ್ಲಿ ಚಲಿಸುವ ಸಾಧನಗಳೆಲ್ಲವೂ ಸೇರುತ್ತವೆ. ವನ್ಯಧಾಮದೊಳಗೆ ಅನುಮತಿಯಿಲ್ಲದೆ ಇಳಿದರೆ, ಗಾಳಿ ತಂದು ಹಾಕಿತು ಎಂಬ ಸಮಜಾಯಿಷಿ ನಡೆಯುವುದು ಕಷ್ಟ. ಸೋಲಿಗರಿಗೆ 2011ರಲ್ಲಿ ಬಿಳಿಗಿರಿಯ ಕಾಡಿನ ಮೇಲೆ ಸಾಮುದಾಯಿಕ ಅರಣ್ಯ ಹಕ್ಕು ದೊರೆತಿದೆ. ಅನೇಕ ಬಂಡೆಗಳೂ ಗುಡ್ಡಗಳೂ ಅವರ ದೇವರ ನೆಲೆಗಳು, ಜೇನು ತೆಗೆಯುವ ಜಾಗಗಳು. ಅವರನ್ನು ಕೇಳದೆ ಮುಂದುವರಿಯುವುದು ಸಲ್ಲದು.

ಸದಸ್ಯರಿಗೆ ಸಲಹೆ

1. ಹಾರುವ ನೆತ್ತಿಗಿಂತ ಮೊದಲು ಇಳಿಯುವ ಹೊಲವನ್ನು ನೋಡಿ. ಆ ಹೊಲದವರ ಲಿಖಿತ ಒಪ್ಪಿಗೆ ಬಂದ ಮೇಲೆ ಮಾತ್ರ ಮಾತು ಮುಂದುವರಿಸಿ. ಬರುವ ಹಣದಲ್ಲಿ ಅವರಿಗೂ ಪಾಲಿರಲಿ.

2. ಗುತ್ತಿಗೆ ಬೇಡ. ಅವಧಿ ನಮೂದಿಸಿದ, ಬೇರೆಯವರಿಗೆ ವರ್ಗಾಯಿಸಲಾಗದ ಪರವಾನಗಿ ಸಾಕು.

3. ಸಿಮೆಂಟು ಕೆಲಸಕ್ಕೆ ಒಪ್ಪಬೇಡಿ. ಬಿಚ್ಚಿ ಒಯ್ಯಬಹುದಾದ ಹಲಗೆಯ ಅಟ್ಟಣಿಗೆ ಸಾಕಾಗುತ್ತದೆ.

4. ಹಾರುವವರ ತರಬೇತಿ ಪತ್ರ, ನೋಂದಣಿ, ಮೂರನೆಯವರ ಹಾನಿಗೂ ಅನ್ವಯಿಸುವ ವಿಮೆ ಇವುಗಳ ನಕಲು ಇಟ್ಟುಕೊಳ್ಳಿ. ವಿಮೆಯಲ್ಲಿ ಜಮೀನಿನ ಮಾಲೀಕನ ಹೆಸರೂ ಸೇರಿರಲಿ.

5. ಕಾಫಿ ಕೊಯ್ಲು, ಒಣಗಿಸುವ ಕಾಲ ಮತ್ತು ಮುಂಗಾರಿನ ತಿಂಗಳುಗಳನ್ನು ಬಿಟ್ಟು ದಿನ ಗೊತ್ತುಮಾಡಿ. ಆನೆ ಓಡಾಡುವ ಹೊತ್ತಾದ್ದರಿಂದ ಸಂಜೆಯ ಹಾರಾಟ ಬೇಡ.

6. ಅರಣ್ಯ ಇಲಾಖೆಗೂ ಪೋಲೀಸ್ ಠಾಣೆಗೂ ಮುಂಚಿತವಾಗಿ ಬರೆದು ತಿಳಿಸಿ, ಸ್ವೀಕೃತಿ ಪಡೆಯಿರಿ.

ಇವಿಷ್ಟನ್ನೂ ಒಪ್ಪುವವರು ಬಂದರೆ ಅವರನ್ನು ಅನುಮಾನದಿಂದ ಕಾಣಬೇಕಾಗಿಲ್ಲ. ನಿಜವಾಗಿ ಹಾರುವುದನ್ನು ಕಲಿತವರು ಇಳಿಯುವ ಬಯಲನ್ನು ತಾವೇ ಮೊದಲು ಕೇಳುತ್ತಾರೆ. ಅದನ್ನು ಕೇಳದೆ ನೆತ್ತಿಯ ಬೆಲೆಯನ್ನಷ್ಟೇ ಮಾತಾಡುವವರಿಗೆ ನಮಸ್ಕಾರ ಹೇಳಿ ಕಳುಹಿಸುವುದು ಮೇಲು. ವಿಚಾರಿಸಿದ ಸದಸ್ಯರ ಗುಡ್ಡದ ಕೆಳಗೆ ಮೂವರ ಹೊಲಗಳಿವೆ. ಆ ಮೂವರನ್ನೂ ಕೂರಿಸಿಕೊಂಡು ಮಾತಾಡಲು ಸಂಘದ ಕಛೇರಿಯಲ್ಲಿ ಏರ್ಪಾಡು ಮಾಡಲಾಗುವುದು. ಇತರ ಸದಸ್ಯರೂ ಯಾವುದೇ ಪತ್ರಕ್ಕೆ ರುಜು ಹಾಕುವ ಮೊದಲು ಅದನ್ನು ಕಛೇರಿಗೆ ತಂದು ಓದಿಸಿಕೊಳ್ಳಬೇಕೆಂದು ಕೋರಲಾಗಿದೆ.

— ಕಾರ್ಯದರ್ಶಿ